ಹೆಬ್ಬೆರಳಿನ ಅರ್ಜಿ

ಮಾತಿನ ನಡುವೆ ಬಾಯಿ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ನೀವು ನಗುವುದು ಇದ್ದೇ ಇದೆ. ಭಾಲ್ಕಿಯ ತಹಶೀಲು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಕೂತು ಮೂವತ್ತು ವರ್ಷ ಜನರ ಅರ್ಜಿ ಬರೆದವನು ನಾನು. ಬರೆದದ್ದೆಲ್ಲ ಉರ್ದುವಿನಲ್ಲಿ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಇನ್ನು ಕನ್ನಡದಲ್ಲಿ ಬರೆಯಿರಿ ಎಂದರು. ಸರಿ, ಮೊಮ್ಮಗಳ ಪಾಟಿ ಇಸಿದುಕೊಂಡು, ಬಲದಿಂದ ಎಡಕ್ಕೆ ಓಡುತ್ತಿದ್ದ ಕೈಯನ್ನು ಎಡದಿಂದ ಬಲಕ್ಕೆ ತಿರುಗಿಸಿದೆ. ಅದು ಪಳಗಿತು ಅನ್ನುವಷ್ಟರಲ್ಲಿ ಬಲಗೈ ಹೆಬ್ಬೆರಳು ಮುಷ್ಕರ ಹೂಡಿತು. ಮಡಿಸಿದರೆ ಬಿಚ್ಚದು, ಪೆನ್ನು ಹಿಡಿದರೆ ಪ್ರಾಣ ಹೋದಂಥ ನೋವು. ಹೆಬ್ಬೆರಳು ಹೋದರೆ ನನ್ನ ಅನ್ನವೇ ಹೋದಂತೆ.

ಬೀದರಿನ ಆಸ್ಪತ್ರೆಗೆ ಮೈಸೂರು ಕಡೆಯ ಹೊಸ ಡಾಕ್ಟರು ಬಂದಿದ್ದಾರೆಂದು ಕೇಳಿ ಬೆಳಗಿನ ಬಸ್ಸಿಗೇ ಹೋದೆ. ಪದ್ಧತಿ ಬಿಡದೆ ಶುರುಮಾಡಿದೆ: ತಂದೆಯ ಹೆಸರು, ಮೂಲ ಊರು ಔರಾದ, ಸೋದರಮಾವ ಇರುವುದು ಕಮಲನಗರ. ನಾನು ಕಮಲನಗರ ತಲುಪುವುದರೊಳಗೆ ಅವರು ಚೀಟಿ ಬರೆದು ಮುಗಿಸಿದ್ದರು. ಈ ಜನ್ಮದಲ್ಲಿ ಯಾವ ಹಕೀಮನೂ ನನ್ನನ್ನು ಸೋದರಮಾವನ ಹೊಸ್ತಿಲಲ್ಲೇ ಬಿಟ್ಟು ಎದ್ದವನಲ್ಲ.

“ಸಾಹೇಬ್ರ, ನಾ ಇನ್ನಾ ಬ್ಯಾನಿ ಮಾತಿಗೇ ಬಂದಿಲ್ರಿ,” ಎಂದೆ.

“ಗೊತ್ತಾಯ್ತು ಯಜಮಾನ್ರೇ. ಊಟ ಆದ್ಮೇಲೆ ಒಂದೊಂದು ಪೊಟ್ಟಣ ತಗೊಳ್ಳಿ,” ಎಂದರು.

ಅದು ಹೊಟ್ಟೆಯ ವಾಯುವಿಗಂತೆ! ಕಾಂಪೌಂಡರ್ ಹೇಳಿದ ಮೇಲೆ ತಿಳಿಯಿತು. ಮುಂದಿನ ವಾರ ಮತ್ತೆ ಹೋದರೆ ಔರಾದ ದಾಟಲೂ ಬಿಡಲಿಲ್ಲ. ಅದೇ ಪೊಟ್ಟಣ, ಈ ಸಲ ದಿನಕ್ಕೆ ಮೂರು.

ಕೇಳದವನು ಓದಿಯಾದರೂ ಓದುತ್ತಾನೆ ಎಂದು, ಹಲ್ಲು ಕಚ್ಚಿ, ಎರಡು ದಿನ ಕೂತು ಮೂರು ಪುಟದ ಅರ್ಜಿ ಬರೆದೆ. ದಯಾಸಾಗರರಾದ ಡಾಕ್ಟರ ಸನ್ನಿಧಾನಕ್ಕೆ ಎಂದು ತೊಡಗಿ, ವಂಶ, ವಾಸ, ನಿಷ್ಠೆ ಎಲ್ಲ ಬಂದವು. ಆಶ್ಚರ್ಯವೆಂದರೆ ಆ ಮನುಷ್ಯ ಒಂದಕ್ಷರ ಬಿಡದೆ ಓದಿದರು. ನಾನು ಗೆದ್ದೆನೆಂದು ಎದೆಯುಬ್ಬಿಸಿ ಕೂತಿದ್ದೆ.

“ಎಲ್ಲಾ ಚೆನ್ನಾಗಿದೆ. ಕಾಯಿಲೆ ಏನು ಅಂತ ಎಲ್ಲೂ ಬರೆದಿಲ್ಲವಲ್ಲ?” ಎಂದರು.

ಕಾಗದ ಕಿತ್ತುಕೊಂಡು ನೋಡಿದೆ. ಆಕಾಶವೇ ಕಳಚಿ ಬಿತ್ತು. ಮೂರು ಪುಟದಲ್ಲಿ ಹೆಬ್ಬೆರಳಿನ ಸುದ್ದಿಯೇ ಇಲ್ಲ! ಮೂವತ್ತು ವರ್ಷದ ರೂಢಿ. ಅರ್ಜಿಯ ಒಕ್ಕಣೆ ಕೈಯಿಂದ ತಾನೇ ಇಳಿಯುತ್ತಿತ್ತು, ತಲೆಯನ್ನು ಕೇಳುತ್ತಿರಲಿಲ್ಲ. ಡಾಕ್ಟರು ಸೊಟ್ಟಗೆ ನಡುಗಿದ ಆ ಸಾಲುಗಳನ್ನು ಇನ್ನೊಮ್ಮೆ ನೋಡಿ, ಬರೆದ ಕೈ ಯಾರದು ಎಂದು ಕೇಳಿ, ನನ್ನ ಹೆಬ್ಬೆರಳು ಒತ್ತಿದರು. ನಾನು ಚೀರಿದ್ದು ಊರಾಚೆಯ ಚಿದ್ರಿಯವರೆಗೂ ಕೇಳಿಸಿರಬೇಕು. ನರ ಬಾತಿದೆ, ವಾಸಿಯಾಗುತ್ತದೆ, ಒಂದು ತಿಂಗಳು ಪೆನ್ನು ಮುಟ್ಟಕೂಡದು ಎಂದು ಪಟ್ಟಿ ಕಟ್ಟಿದರು.

ಗಿರಾಕಿಗಳು ಕೈತಪ್ಪದಿರಲಿ ಎಂದು ಪಟ್ಟಿ ಸಮೇತ ಬೇವಿನ ಮರದ ಕೆಳಗೇ ಕೂತೆ. ಖಟಕ ಚಿಂಚೋಳಿಯ ಕುರಿ ಸಾಕುವ ತಿಪ್ಪವ್ವ ಬಂದಳು. ಎರಡು ತಿಂಗಳ ಹಿಂದೆ ಅವಳಿಗೆ ಬಾವಿ ಬೇಕೆಂದು ಸೊಗಸಾದ ಅರ್ಜಿ ಬರೆದುಕೊಟ್ಟಿದ್ದೆ. ಬಾವಿ ತೋಡುವ ಜಾಗ ಅಳೆಯಲು ಸರ್ಕಾರದವರು ಬಂದು ಹೋದರಂತೆ. ಕೆಲಸ ಆಯಿತಲ್ಲ ಎಂದು ಹಿಗ್ಗಿದೆ.

“ಬಾವಿ ನಮ್ಮಜ್ಜನ ಕಾಲದ್ದೇ ಅದರಿ,” ಎಂದಳು. “ಬಾವಿಗಿ ಹೋಗೋ ದಾರಿಗಿ ಬಾಜೂ ಹೊಲದವ್ರು ಬೇಲಿ ಹಾಕ್ಯಾರ. ಅದೇ ಹೇಳಾಕ ಬಂದಿದ್ದೆ. ಬಾವಿ ಅನ್ನೋದ್ರಾಗ ನೀವು ಬರಿಯಾಕ ಹತ್ತಿದ್ರಿ. ಎರಡು ತಿಂಗಳಾತು, ಕುರಿ ಊರು ಸುತ್ತಿ ನೀರಿಗಿ ಹೋಗ್ತಾವ.”

“ಗೊತ್ತಾತು, ಗೊತ್ತಾತು,” ಎನ್ನುತ್ತ ಪೆನ್ನಿಗೆ ಕೈ ಚಾಚಿದ್ದೆ ನೋಡಿ, ಪಟ್ಟಿ ಕಟ್ಟಿದ ಹೆಬ್ಬೆರಳು ಮಡಚಲು ಬರಲೇ ಇಲ್ಲ. ಬೇರೆ ದಾರಿ ಕಾಣದೆ, ಅವಳನ್ನು ಕೂರಿಸಿ, ಮೊದಲಿನಿಂದ ಹೇಳು ತಾಯಿ ಎಂದೆ.

ಅವಳು ತನ್ನ ಸೋದರಮಾವನಿಂದ ಶುರುಮಾಡಿದಳು.