ಬರೋಬ್ಬರಿ ಐದುನೂರರ ಡೀಸೆಲ್

ಮುಂಜಾನೆ ಆರಕ್ಕ ಪೆಟ್ರೋಲ್ ರೇಟು ಬದಲಾಗತೈತಿ, ಆರೂವರಿಗೆ ಮಂದಿ ತಲಿ ಕೆಡತೈತಿ, ಏಳಕ್ಕ ಅವರೆಲ್ಲಾ ನನ್ನ ಮುಂದ ಬಂದು ನಿಂದರತಾರ. ಇಳಕಲ್ಲಿನಿಂದ ಗುಡೂರಿಗೆ ಹೋಗೂ ದಾರ್ಯಾಗಿನ ಪಂಪಿನ್ಯಾಗ ಹತ್ತು ವರ್ಷದಿಂದ ಪೈಪು ಹಿಡಕೊಂಡು ನಿಂತೇನಿ. ಸೀರಿ ಮ್ಯಾಲೆ ಕಂಪನಿ ಕೋಟು, ತಲಿ ಮ್ಯಾಲೆ ಟೊಪಗಿ. ಈ ವೇಷದಾಗ ನೋಡಿದವರಿಗೆಲ್ಲಾ ರೇಟು ಏರಸಾಕಿ ನಾನ ಅಂತ ಅನಸತೈತಿ. "ಏನವಾ, ಮತ್ತ ಏರಿಸಿದಿ?" ಅಂತಾರ. ಯಪ್ಪಾ, ನನ್ನ ಕೈಯಾಗ ಏರಸೂದಿದ್ರ ಮೊದಲ ನನ್ನ ಪಗಾರ ಏರಿಸ್ಕೊಳ್ತಿದ್ದಿಲ್ಲೇನು?

ಖರೆ ಹೇಳಬೇಕಂದ್ರ ಈ ರೇಟು ಯಾಕ ಏರತೈತಿ, ಯಾಕ ಇಳೀತೈತಿ ನನಗೂ ತಿಳಿದಿಲ್ಲ. ಕ್ಯಾಷಿನ ಮುಂದ ಕೂಡೂ ನಮ್ಮ ಚಾಚಾನ್ನ ಕೇಳಿದ್ರ, "ಬೇಟಿ, ಏರಸವರು ಒಬ್ಬರು, ಇಳಸವರು ಇನ್ನೊಬ್ಬರು, ಬೈಸ್ಕೊಳ್ಳವರು ನಾವಿಬ್ಬರು" ಅಂತಾರ. ಹಿಂಗಾಗಿ ನಮ್ಮಲ್ಲೆ ದಿನಾ ಒಂದಿಲ್ಲೊಂದು ನಡದ ಇರತೈತಿ. ಅದರಾಗ ಒಬ್ಬ ಕುರಿಗಾರ ಅಜ್ಜ ಡೀಸೆಲ್ ಸಲುವಾಗಿ ಪಟ್ಟ ಪಾಡು ಮಾತ್ರ ನಾ ಸಾಯೂತನಕ ಮರಿಯೂದಿಲ್ಲ. ಅದಕ್ಕ ಬರತೇನಿ, ತಡೀರಿ. ಮೊದಲ ನನ್ನ ಟಿಕಳಿ ಕತಿ ಕೇಳ್ರಿ.

೧. ನೂರರ ಟಿಕಳಿ

ಪೆಟ್ರೋಲ್ ಮೊದಲನೇ ಸಲ ನೂರು ದಾಟಿದ ದಿನ. ನಮ್ಮ ಹಳೇ ಮಷಿನ್ನಿಗೆ ಪಾಪ, ರೂಪಾಯಿ ಜಾಗಾದಾಗ ಎರಡ ಅಂಕಿ ತೋರಸಾಕ ಬರತಿತ್ತು. ಅದನ್ನ ಮಾಡಿದವರು ಪೆಟ್ರೋಲ್ ನೂರಕ್ಕ ಹೋದೀತು ಅಂತ ಕನಸಿನ್ಯಾಗೂ ಎಣಿಸಿದ್ದಿಲ್ಲ. ಒಳಗ ಲೆಕ್ಕಾ ಬರೋಬ್ಬರಿ ಹಾಕತಿತ್ತು. ಹೊರಗ ಮಾತ್ರ ಸೊನ್ನಿ ಸೊನ್ನಿ, ಆಮ್ಯಾಲೆ ಅರವತ್ತೆರಡು ಪೈಸೆ.

ಮೊದಲ ಗಿರಾಕಿ ಒಬ್ಬ ಮೋಟರ್‌ಸೈಕಲ್ಲಿನವ. ಕಣ್ಣು ಉಜ್ಜಿ ಉಜ್ಜಿ ನೋಡಿದ. "ಅಕ್ಕಾರ, ಸರಕಾರ ಏನರೆ ಬಿತ್ತೇನ್ರಿ?" ಅಂದ.

"ಸರಕಾರ ಬಿದ್ದಿಲ್ಲಪಾ, ಮಷಿನ್ ಬಿದ್ದೈತಿ. ಸೊನ್ನಿ ಮುಂದ ಒಂದರ ಅಂಕಿ ಐತಿ, ಕಾಣವಲ್ದು."

"ಕಾಣದಿದ್ದದ್ದಕ್ಕ ನಾ ಯಾಕ ರೊಕ್ಕ ಕೊಡ್ಲಿ? ತೋರಿಸಿದ ರೇಟಿಗೆ ಕೊಡಬೇಕ್ರಿ, ಕಾಯ್ದೆ ಐತಿ. ಟಾಕಿ ತುಂಬ್ರಿ" ಅಂತ ಹತ್ತು ರೂಪಾಯಿ ನೋಟು ಮುಂದ ಹಿಡದು, "ಉಳಿದಿದ್ದರಾಗ ನೀವು ಚಾ ಕುಡೀರಿ" ಅಂದ. ದಾನಶೂರ!

ಚಾಚಾ ಓಡಿ ಬಂದು ಚೀಟಿ ಮ್ಯಾಲೆ ಒಂದು ಅಂತ ಬರದು ಗಾಜಿಗೆ ಅಂಟಿಸಿದ್ರು. ಗಾಳಿಗೆ ಅದು ಹಾರಿ ಹೋತು. ಇನ್ನೊಂದು ಅಂಟಿಸಿದ್ರು, ಅದೂ ಹೋತು. ಗಿರಾಕಿಗಳು ಸಾಲು ಹಚ್ಚಿ ಅರವತ್ತೆರಡು ಪೈಸೆದ ಪೆಟ್ರೋಲ್ ಕೇಳಾಕತ್ತಿದ್ರು. ನನಗ ಸಿಟ್ಟು ನೆತ್ತಿಗೇರಿತು. ಆವತ್ತು ಹಣಿಗೆ ಉದ್ದನ್ನ ಕೆಂಪು ಟಿಕಳಿ ಹಚ್ಚಿದ್ದೆ. ಕಿತ್ತವಳ ಸೊನ್ನಿ ಮುಂದ ಹಚ್ಚಿಬಿಟ್ಟೆ. ಬರೋಬ್ಬರಿ ಒಂದರ ಹಂಗ ಕೂತತು. ಹುಬ್ಬಳ್ಳಿಯಿಂದ ಮಷಿನ್ ರಿಪೇರಿಯವ ಬರೂತನಕ ಇಳಕಲ್ ಮಂದಿ ನನ್ನ ಟಿಕಳಿಗೆ ರೊಕ್ಕ ಕೊಟ್ಟಾರ.

ಮನಿಗೆ ಹೋಗೂದ ತಡ, ನಮ್ಮ ಅತ್ತಿ ಹೌಹಾರಿದ್ರು. "ಯವ್ವಾ, ಬರೇ ಹಣೀಲೆ ಬಂದಿಯಲ್ಲ, ಟಿಕಳಿ ಎಲ್ಲಿ?"

"ಪೆಟ್ರೋಲಿಗೆ ಹಚ್ಚಿ ಬಂದೇನ್ರಿ ಅತ್ತಿ."

"ನೂರಕ್ಕ ಏರಿದ್ದು ಸಾಲದಂತ, ಅದಕ್ಕ ಸಿಂಗಾರ ಬ್ಯಾರೆ ಮಾಡ್ತೀರೇನು?"

೨. ಡೀಸೆಲ್ ಬಂತು, ಟ್ರ್ಯಾಕ್ಟರ್ ಎಲ್ಲಿ

ಅದಾಗಿ ಎರಡು ವರ್ಷಕ್ಕ, ರೈತರಿಗೆ ಡೀಸೆಲ್ ಸಲುವಾಗಿ ಅಂತ ಸರಕಾರದಿಂದ ಬ್ಯಾಂಕಿನ ಖಾತೇಕ್ಕ ರೊಕ್ಕ ಬಂತು. ಹೊಲ ಎಷ್ಟೈತಿ ಅನ್ನೂದು ನೋಡಿ ಹಾಕೂದು. ಟ್ರ್ಯಾಕ್ಟರ್ ಐತೋ ಇಲ್ಲೋ ಯಾರೂ ಕೇಳೂದಿಲ್ಲ. ಹಿಂಗಾಗಿ ಬಾಡಿಗಿ ಟ್ರ್ಯಾಕ್ಟರ್ ಹೊಡದು ಬಾಳೇವು ಮಾಡವಗ ಹೊಲಾ ಇಲ್ಲಂತ ಒಂದು ಪೈಸೆ ಬರಲಿಲ್ಲ. ಎರಡೆಕರೆ ಮಡ್ಡಿ ಹೊಲ, ನಲವತ್ತು ಕುರಿ, ಒಂದು ಕಂಬಳಿ ಇದ್ದ ಗುಡೂರು ಕಡಿ ಅಜ್ಜಗ ಐದುನೂರು ರೂಪಾಯಿ ಬಂತು.

ಒಂದಿನ ಮುಂಜಾನೆ ನಲವತ್ತೂ ಕುರಿ ನಮ್ಮ ಪಂಪಿನ್ಯಾಗ ಹೊಕ್ಕವು. ಹಿಂದ ಅಜ್ಜ, ಕೈಯಾಗ ತಗಡಿನ ಡಬ್ಬಿ.

"ಐದುನೂರರ ಡೀಸೆಲ್ ಹಾಕವಾ."

"ಗಾಡಿ ಎಲ್ಲೈತಿ ಅಜ್ಜಾ?"

"ಗಾಡಿ ಎಲ್ಲೀದು? ಕುರಿ ಅದಾವು."

"ಮತ್ತ ಡೀಸೆಲ್ ಯಾರಿಗೆ?"

"ಯಾರಿಗೂ ಇಲ್ಲ. ಮನ್ಯಾಗ ಇಡೂದು. ಡೀಸೆಲ್ ರೊಕ್ಕ ಅಂತ ಸರಕಾರ ಕೊಟ್ಟೈತಿ. ನಾಳೆ ಯಾರರೆ ಬಂದು ಎಲ್ಲೈತಿ ಡೀಸೆಲ್ ಅಂದ್ರ ಏನು ತೋರಸ್ಲಿ? ಬ್ಯಾರೇದಕ್ಕ ಮುರಕೊಂಡು ತಿಂದ್ರ ನಮ್ಮ ದೇವರು ಬೀರಪ್ಪ ಮೆಚ್ಚತಾನೇನು?"

ನಾ ನಕ್ಕೆ. ಅಜ್ಜ ನಗಲಿಲ್ಲ. ಹಿಂದಕ್ಕ ಅವಗ ಪಾಯಖಾನಿ ಕಟ್ಟಸಾಕ ಸರಕಾರದ್ದು ರೊಕ್ಕ ಬಂದಿತ್ತಂತ. ಕಟ್ಟಿಸಿದ. ನೋಡಾಕ ಬಂದವರು ಇವನ್ನ ಬಾಗಲದಾಗ ನಿಂದರಿಸಿ, "ಒಂದು ಕೈ ಬಾಗಲ ಮ್ಯಾಲಿಡು, ನಗಬ್ಯಾಡ" ಅಂತ ಹೇಳಿ ಫೋಟೊ ಹೊಡದ್ರು. ಫೋಟೊದಾಗ ಅಜ್ಜನ ಕಣ್ಣು ಮುಚ್ಚಿದ್ದುವು. ಅದು ಪಾಸ್ ಆಗಲಿಲ್ಲ, ಮುಂದಿನ ಕಂತು ಬರಲೇ ಇಲ್ಲ.

"ಕಣ್ಣು ಮುಚ್ಚಿದ್ದಕ್ಕ ಅಷ್ಟು ಮಾಡಿದವರು, ಡೀಸೆಲ್ಲೇ ಇಲ್ಲಂದ್ರ ಬಿಡತಾರೇನವಾ? ನಮ್ಮ ಮುದುಕಿಗೆ ತಿಂಗಳಾ ತಿಂಗಳಾ ಸರಕಾರದ್ದು ಮುಪ್ಪಿನ ಪಗಾರ ಬರತೈತಿ. ಆಕಿ ಗುಳಗಿ ಅದರ ಮ್ಯಾಲ ನಡೀತಾವು. ಅದನ್ನ ನಿಂದರಿಸಿದ್ರ ಆಕಿ ಉಳಿಯೂದಿಲ್ಲ" ಅಂದ. ನನ್ನ ನಗಿ ಅಲ್ಲೇ ಇಂಗಿತು.

ಚಾಚಾ ಹೊರಗ ಬಂದು, "ಅಜ್ಜಾ, ಇದನ್ನ ಯಾರೂ ಕೇಳೂದಿಲ್ಲ" ಅಂದ್ರು. "ಹಂಗಂತ ಬರದು ಕೊಡ್ತೀರೇನ್ರಿ?" ಅಂದ ಅಜ್ಜ. ಚಾಚಾ ಕಿವಿ ಮ್ಯಾಲಿನ ಪೆನ್ನು ತಗದು ಕಿಸೇಕ್ಕ ಇಟ್ಕೊಂಡ್ರು.

ಬರೋಬ್ಬರಿ ಐದುನೂರರದ್ದು ಹಾಕಿದೆ. ಬಿಲ್ಲು ರುಮಾಲಿನ್ಯಾಗ ಸಿಗಿಸ್ಕೊಂಡ. "ಅಜ್ಜಾ, ಇದ್ಯಾಕ ತಂದಿ ಅಂತ ಅಜ್ಜಿ ಕೇಳಿದ್ರ ಏನಂತಿ?" ಅಂತ ಕೇಳಿದೆ.

"ಅನ್ನೂದೇನು? ಡೀಸೆಲ್ ಬಂದೈತಿ, ಹಿಂದಿನಿಂದ ಟ್ರ್ಯಾಕ್ಟರ್ ಬರತೈತಿ ಅಂತೇನಿ."

೩. ಬಾದಾಮಿಗೆ ಮುಟ್ಟದ ಇಳಿಕಿ

ಮುಂದ ಒಂದಿನ ಪೆಟ್ರೋಲ್ ಡೀಸೆಲ್ ಎರಡೂ ಎರಡೆರಡು ರೂಪಾಯಿ ಇಳದುವು. ನನಗ ನಾನ ಇಳಿಸಿದಷ್ಟು ಖುಷಿ. ಮರುದಿನ ರಜಾ ಹಾಕಿ ಬನಶಂಕರಿಗೆ ಹೊಂಟೆ. ಬಾದಾಮಿ ತನಕ ಬಸ್ಸಿನ್ಯಾಗ ಹೆಣ್ಣಮಕ್ಕಳಿಗೆ ಪುಕ್ಕಟೆ. ಅಲ್ಲಿಂದ ಟಂಟಂ ರಿಕ್ಷಾ ಹತ್ತಿದೆ. ಇಳಿಯೂ ಮುಂದ ಡ್ರೈವರ್ ಐದು ರೂಪಾಯಿ ಹೆಚ್ಚಿಗಿ ಕೇಳಿದ.

"ಯಾಕಪಾ?"

"ಪೆಟ್ರೋಲ್ ಏರೈತಿ ಅಕ್ಕಾರ."

ನನ್ನ ಮುಂದ, ಪೆಟ್ರೋಲ್ ಮಾತು! ಟಂಟಂದಾಗ ಕೂತವರೆಲ್ಲಾ ಕೇಳೂಹಂಗ ಹೇಳಿದೆ. "ನಾ ಪಂಪಿನ್ಯಾಗ ಕೆಲಸ ಮಾಡಾಕಿ. ನಿನ್ನೆ ಈ ಕೈಲೆ ಎರಡು ರೂಪಾಯಿ ಕಡಿಮಿ ಮಾಡಿ ಪೆಟ್ರೋಲ್ ಹಾಕಿ ಬಂದೇನಿ. ಯಾರಿಗೆ ಹೇಳ್ತಿ?"

ಅವ ಒಂಚೂರೂ ಅಂಜಲಿಲ್ಲ. "ಇಳದಿರಬೇಕ್ರಿ, ನಾ ಇಲ್ಲ ಅಂದೇನೇನು? ಅದು ಇಳದದ್ದು ನಿಮ್ಮ ಇಳಕಲ್ಲಿನ್ಯಾಗ. ಏರಿದ್ದು ನಮಗ ಫೋನಿನ್ಯಾಗ ಬರತೈತಿ, ಇಳದದ್ದು ಪೋಸ್ಟಿನ್ಯಾಗ ಬರತೈತಿ. ಇನ್ನೂ ಮುಟ್ಟಿಲ್ಲ."

ಕೂತವರೆಲ್ಲಾ ಹೋ ಅಂತ ನಕ್ರು. ನಾ ಐದು ರೂಪಾಯಿ ಕೊಟ್ಟು ಇಳದೆ. "ಅಕ್ಕಾರ, ಪೋಸ್ಟ್ ಬಂದ ಕೂಡ್ಲೆ ನಿಮ್ಮ ಐದು ರೂಪಾಯಿ ಮನಿಯಾರ್ಡರ್ ಮಾಡತೇನ್ರಿ" ಅಂತ ಹಿಂದಿನಿಂದ ಕೂಗಿದ ಭಾಡ್ಯಾ.

೪. ಹನ್ನೆರಡು ರೂಪಾಯಿ ಯಾರು ತಿಂದ್ರು

ಹೊಳ್ಳಿ ಕೆಲಸಕ್ಕ ಬಂದೆ. ಪಂಪಿನ ಮುಂದ ಅಜ್ಜ, ಕುರಿ, ಡಬ್ಬಿ. ಡಬ್ಬ್ಯಾಗಿನ ಡೀಸೆಲ್ ಹನಿ ಖರ್ಚಾಗಿರಲಿಲ್ಲ. ಮಂಚದ ಕೆಳಗ ಇಟ್ಟಿದ್ದನಂತ. ರೊಟ್ಟಿಗೆಲ್ಲಾ ಡೀಸೆಲ್ ವಾಸನಿ ಬರತೈತಿ ಅಂತ ಮುದುಕಿ ಮಾತು ಬಿಟ್ಟಾಳಂತ.

"ಯವ್ವಾ, ಡೀಸೆಲ್ ಎರಡು ರೂಪಾಯಿ ಇಳೀತಂತ ಖರೆ ಏನು?"

"ಖರೆ ಅಜ್ಜಾ."

"ಹಂಗಾರ ನನ್ನ ಡಬ್ಬ್ಯಾಗ ಈಗ ಎಷ್ಟರದ್ದು ಐತಿ?"

ಚಾಚಾ ಲೆಕ್ಕಾ ಹಾಕಿ, "ನಾಕನೂರಾ ಎಂಬತ್ತೆಂಟರದ್ದು" ಅಂದ್ರು. ಅಜ್ಜನ ಮಾರಿ ಸಪ್ಪಗಾತು. "ನೋಡ್ರಿ, ನನಗ ಗೊತ್ತಿತ್ತು. ಹನ್ನೆರಡು ರೂಪಾಯಿದ್ದು ಹಾಕವಾ, ಐದುನೂರು ಬರೋಬ್ಬರಿ ಆಗಲಿ."

ನಾ ತಿಳಿಸಿ ಹೇಳಾಕ ಹೋದೆ. "ಡೀಸೆಲ್ ಮೊದಲಿನಷ್ಟ ಐತಿ ಅಜ್ಜಾ. ರೇಟು ಇಳದೈತಿ, ಅಷ್ಟ."

"ಡೀಸೆಲ್ ಅಷ್ಟ ಐತಿ, ಒಪ್ಪಿದೆ. ಅದರ ಬೆಲಿ ಇಳೀತೋ ಇಲ್ಲೋ?"

"ಇಳೀತು."

"ಸರಕಾರ ಕೊಟ್ಟಿದ್ದು ಐದುನೂರು. ಈಗ ಇರೂದು ಹನ್ನೆರಡು ಕಡಿಮಿ. ಆ ಹನ್ನೆರಡು ಯಾರು ತಿಂದ್ರು? ಯಾರೂ ತಿಂದಿಲ್ಲಂದ್ರ ನಾನ ತಿಂದಂಗ ಆತಲ್ಲ?"

ನಾ ಚಾಚಾನ ಮಾರಿ ನೋಡಿದೆ, ಚಾಚಾ ನನ್ನ ಮಾರಿ ನೋಡಿದ್ರು. ತಪ್ಪು ಎಲ್ಲೈತಿ ಅಂತ ಇಬ್ಬರಿಗೂ ಹೊಳೀಲಿಲ್ಲ. ಇವತ್ತಿಗೂ ಹೊಳದಿಲ್ಲ. ಸುಮ್ಮನ ಹನ್ನೆರಡು ರೂಪಾಯಿದ್ದು ಹಾಕಿದೆ.

"ನಾಳೆ ಏರಿದ್ರ ಹೆಂಗವಾ?" ಅಂದ. ನನಗ ಸಾಕಾಗಿತ್ತು. "ಏರಿದ್ರ ಹೆಚ್ಚಾಗಿದ್ದು ಹೊಳ್ಳಿ ತಂದು ಕೊಡು" ಅಂತ ಚಾಷ್ಟಿ ಮಾಡಿದೆ. ಅಜ್ಜ ಅದನ್ನ ಖರೇನ ತಿಳಕೊಂಡ. "ಹಂಗಾರ ದಿನಾ ರೇಟು ನೋಡಾಕ ಒಂದು ದೊಡ್ಡ ಫೋನ್ ಬೇಕಾತಲ್ಲ. ಅದಕ್ಕ ಸರಕಾರದವರು ಯಾವಾಗ ರೊಕ್ಕ ಹಾಕತಾರಂತ?"

೫. ಸಾಹೇಬರ ಫೋಟೊ

ಮೂರು ತಿಂಗಳಿಗೆ ರೇಟು ಮೂರು ರೂಪಾಯಿ ಏರಿತು. ಆವತ್ತ ನಮ್ಮ ಪಂಪಿಗೆ ಎರಡು ಫರ್ಲಾಂಗ ಇರೂಮುಂದ ಒಂದು ಸರಕಾರಿ ಜೀಪು ಡೀಸೆಲ್ ಮುಗದು ನಿಂತಿತು. ಯಾವ ಇಲಾಖೇದು ಅಂತ ಹೇಳೂದಿಲ್ಲ, ನನಗೂ ನೌಕರಿ ಬೇಕು. ಡ್ರೈವರ್ ಖಾಲಿ ನೀರಿನ ಬಾಟಲಿ ಹಿಡಕೊಂಡು ಓಡಿ ಬಂದ. ಪ್ಲಾಸ್ಟಿಕ್ ಬಾಟಲಿಗೆ ಹಾಕೂಹಂಗಿಲ್ಲ ಅಂತ ನಾ ಬೋರ್ಡು ತೋರಿಸಿದೆ. "ಮೀಟಿಂಗಿಗೆ ಹೊತ್ತಾಗೈತ್ರಿ, ಸಾಹೇಬರು ನನ್ನ ಜೀವಾ ತಿಂತಾರ" ಅಂತ ಅವ ಗೋಳಾಡತಿದ್ದ. ಅಷ್ಟೊತ್ತಿಗೆ ದೂರದಾಗ ನೋಡಿದ್ರ, ಜೀಪಿನ ಸುತ್ತ ಕುರಿ!

ಡ್ರೈವರ್ ಓಡಿದ, ಅವನ ಹಿಂದ ನಾನೂ ಓಡಿದೆ. ಅಜ್ಜ ಡಬ್ಬಿ ಎದಿಗವಚಿಕೊಂಡು ಜೀಪಿನ ಬಾಜೂಕ ನಿಂತಿದ್ದ. ಮಾರಿ ಬಿಳಚಿತ್ತು. ತನ್ನ ಡೀಸೆಲ್ ನೋಡಾಕನ ಸರಕಾರ ಬಂದೈತಿ ಅಂತ ತಿಳಕೊಂಡಿದ್ದ.

"ತಗೋರಿ ಸಾಹೇಬ್ರ, ಬಿಲ್ಲು ಇಲ್ಲೈತಿ, ಡೀಸೆಲ್ ಇಲ್ಲೈತಿ. ಊರಾಗಿನ ಹುಡುಗರ ಫೋನಿನ್ಯಾಗ ಲೆಕ್ಕಾ ಹಾಕಿಸೇನಿ, ಇವತ್ತಿನ ರೇಟಿಗೆ ಹದಿನೆಂಟು ರೂಪಾಯಿ ಹೆಚ್ಚಾಗೈತ್ರಿ. ಬೇಕಂತ ಇಟ್ಕೊಂಡಿಲ್ಲ. ಹೊಳ್ಳಿ ಕೊಡಾಕ ಹೊಂಟಿದ್ದೆ, ಬೀರಪ್ಪನ ಆಣಿ. ನಮ್ಮ ಮುದುಕಿ ಪಗಾರ ನಿಂದರಸಬ್ಯಾಡ್ರಿ."

ಸಾಹೇಬರು ಕಕ್ಕಾಬಿಕ್ಕಿ. ನಾ ಉಸರು ತಿರುವಿಕೊಂಡು ಮೊದಲಿಂದ ಎಲ್ಲಾ ಹೇಳಿದೆ. ಅವರು ಕಣ್ಣಾಗ ನೀರು ಬರೂಹಂಗ ನಕ್ರು. ಆಮ್ಯಾಲೆ ಅಜ್ಜನ ಮಾರಿ ನೋಡಿ ನಗಿ ನಿಲ್ಲಿಸಿದ್ರು. ಜೀಪಿನಿಂದ ಇಳದು ಅವನ ಹೆಗಲ ಮ್ಯಾಲೆ ಕೈ ಇಟ್ರು.

"ಅಜ್ಜಾ, ಈ ರೊಕ್ಕಕ್ಕೂ ನಿಮ್ಮ ಮುದುಕಿ ಪಗಾರಕ್ಕೂ ಸಂಬಂಧ ಇಲ್ಲ. ಅದನ್ನ ಯಾರೂ ನಿಂದರಸೂದಿಲ್ಲ. ಡೀಸೆಲ್ ಎಲ್ಲಿ ಅಂತ ಯಾರೂ ಕೇಳೂದಿಲ್ಲ."

"ಖರೆ?"

"ಖರೆ."

ಅಜ್ಜ ಅಲ್ಲೇ ರಸ್ತೆ ದಂಡಿಗೆ ಕುಂತು ಕಂಬಳಿ ಸೆರಗಲೆ ಕಣ್ಣು ಒರಿಸ್ಕೊಂಡ. ವರ್ಷಗಟ್ಟಲೆ ಮಂಚದ ಕೆಳಗ ಅಂಜಿಕಿ ಇಟ್ಕೊಂಡು ಮಲಗಿದ್ದ ಪಾಪ.

"ಹಂಗಾರ ಅದನ್ನ ನಮ್ಮ ಜೀಪಿಗೆ ಕೊಡು ಅಜ್ಜಾ, ರೊಕ್ಕಾ ಕೊಡತೇನಿ" ಅಂದ್ರು ಸಾಹೇಬರು.

"ರೊಕ್ಕಾ ಬ್ಯಾಡ್ರಿಯಪ್ಪಾ! ಮತ್ತ ಅದನ್ನ ಎಲ್ಲಿ ಇಟ್ಕೊಂಡು ಕೂಡ್ಲಿ? ಸರಕಾರದ್ದು ಸರಕಾರಕ್ಕ ಮುಟ್ಟಲಿ" ಅಂತ ಅಜ್ಜ ತಾನ ಡಬ್ಬಿ ಬಗ್ಗಿಸಿದ. ಡ್ರೈವರ್ ಡೀಸೆಲ್ ಪೈಪಿನ್ಯಾಗಿನ ಹವಾ ತಗದು, ಎರಡು ಮೂರು ಸಲ ಚಾವಿ ತಿರುವಿ ಜೀಪು ಚಾಲೂ ಮಾಡಿದ. ಸಾಹೇಬರು ಕೈ ಮುಗದು ಹತ್ತಿ ಕುಂತ್ರು.

ಜೀಪು ಮುಂದ ಹೋಗವಲ್ದು. ಅಜ್ಜ ಎರಡೂ ಕೈ ಅಗಲಿಸಿ ಅಡ್ಡ ನಿಂತಾನ, ಅವನ ಹಿಂದ ನಲವತ್ತು ಕುರಿ.

"ಹಂಗ ಹೋಗಬ್ಯಾಡ್ರಿ ಸಾಹೇಬ್ರ. ನೀವು ಕೇಳೂದಿಲ್ಲ, ನಿಮ್ಮ ಹಿಂದ ಬಂದವರು ಕೇಳಿದ್ರ? ಡೀಸೆಲ್ ಎಲ್ಲಿ ಹೋತು ಅಂದ್ರ ತೋರಸಾಕ ನನ್ನಲ್ಲೆ ಏನೈತಿ? ಇಳೀರಿ, ಫೋಟೊ ಹೊಡಿಸ್ಕೋರಿ. ಯವ್ವಾ, ಫೋನ್ ತಗಿ."

ಸಾಹೇಬರು ವಾಚ್ ನೋಡಿದ್ರು, ಕುರಿ ನೋಡಿದ್ರು, ಇಳದ್ರು. ಅಜ್ಜ ಖಾಲಿ ಡಬ್ಬಿ ಅವರ ಕೈಯಾಗ ಕೊಟ್ಟು ಜೀಪಿನ ಮುಂದ ನಿಂದರಿಸಿದ. "ಒಂದು ಕೈ ಜೀಪಿನ ಮ್ಯಾಲಿಡ್ರಿ. ಡಬ್ಬಿ ಕಾಣಬೇಕ್ರಿ. ನಗಬ್ಯಾಡ್ರಿ. ಕಣ್ಣು ತಗೀರಿ, ಕಣ್ಣು ಮುಚ್ಚಿದ್ರ ಪಾಸ್ ಆಗೂದಿಲ್ಲ."

ನಾ ಫೋಟೊ ಹೊಡದೆ. ಸಾಹೇಬರು, "ಇನ್ನರೆ ಹೋಗ್ಲೇನು ಅಜ್ಜಾ?" ಅಂದ್ರು.

"ತಡೀರಿ, ಆಧಾರ್ ನಂಬರ ಹೇಳಿ ಹೋಗ್ರಿ" ಅಂದ ಅಜ್ಜ. "ಇಲ್ಲಾಂದ್ರ ನಿಮಗ ಮುಂದಿನ ಕಂತು ಬರೂದಿಲ್ಲ."