ಯಾರಿಗೂ ಹೇಳ್ಬೇಡಿ ಅಕ್ಕ

ಬಾಯಿಮಾತಿನ ಪ್ರಚಾರಕ್ಕೆ ಖರ್ಚಿಲ್ಲ ಎಂದು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಅವರನ್ನು ಕರೆತಂದು ನಮ್ಮ ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಒಂದು ವಾರ ಕೂರಿಸಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಮ್ಮಲ್ಲಿ ಬಾಯಿಗೇನೂ ಬರವಿಲ್ಲ. ಯಾರ ಮನೆಯ ಸಾರಿಗೆ ಉಪ್ಪು ಹೆಚ್ಚಾಯಿತು ಎನ್ನುವ ಸುದ್ದಿ ಆ ಮನೆಯವರು ಎಲೆ ಮುಂದೆ ಕೂರುವ ಮೊದಲೇ ಪಕ್ಕದ ಬೀದಿ ತಲುಪಿರುತ್ತದೆ. ಆದರೆ ಸೀರೆಯ ಅಂಚಿನ ವಿಷಯ ಬಂತೆಂದರೆ ಊರಿಗೆ ಊರೇ ಮೌನವ್ರತ. ಮಗ್ಗದ ಮೇಲೆ ಹೊಸ ಅಂಚು ಏರಿದ್ದಾಗ ನೆಂಟರು ಬಂದರೆ, ಅವರಿಗೆ ನೀರು ಕೊಡುವ ಮೊದಲು ಮಗ್ಗಕ್ಕೆ ಹಳೇ ಪಂಚೆ ಹೊದಿಸುವ ಜನ ನಾವು. ಹುಟ್ಟಿದಾಗಿನಿಂದ ಇದನ್ನೆಲ್ಲ ನೋಡಿಕೊಂಡೇ ಬೆಳೆದ ನಾನು, ಬೇಕಾದ ಹೊತ್ತಿಗೆ ಸರಿಯಾಗಿ ಮರೆತೆ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಯಜಮಾನರು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು. ವಾರಕ್ಕೊಂದು ಪಾಳಿ, ಹೊತ್ತಲ್ಲದ ಹೊತ್ತಿನಲ್ಲಿ ಊಟ. ಹೊಟ್ಟೆ ಹುಣ್ಣಾಗಿ, ನನ್ನ ಕೈಯ ಮಜ್ಜಿಗೆ ಅನ್ನವೂ ಇಳಿಯದ ಹಾಗಾಯಿತು. ಕೊನೆಗೆ ಕೆಲಸ ಬಿಟ್ಟು, ನಡುಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇಟ್ಟುಕೊಂಡು ಕೂತರು. ನೇಕಾರರು ಅಂಚಿನ ಚಿತ್ರವನ್ನು ಗ್ರಾಫ್ ಹಾಳೆಯಲ್ಲಿ ಚೌಕ ಚೌಕವಾಗಿ ತುಂಬಿಸಿ, ಅದನ್ನು ನೋಡಿಕೊಂಡು ಮಗ್ಗಕ್ಕೆ ಚಿತ್ರ ಹೇಳಿಕೊಡುವ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಸುತ್ತಾರೆ. ಹದಿನೈದು ದಿನ ಕಣ್ಣು ಕೀಳುವ ಆ ಚೌಕದ ಕೆಲಸವನ್ನು ಎರಡೇ ದಿನಕ್ಕೆ ಇಳಿಸುವ ಪ್ರೋಗ್ರಾಮು ಒಂದನ್ನು ಇವರು ಬರೆದರು. “ದೀಪಾವಳಿಯೊಳಗೆ ಮೂರು ಜನ ತಗೊಂಡ್ರೆ ಸರಿ. ಇಲ್ಲಾಂದ್ರೆ ವಾಪಸ್ ಪಾಳಿಗೇ ಹೋಗ್ತೀನಿ. ಅಲ್ಲಿ ಇನ್ನೂ ಜಾಗ ಖಾಲಿ ಇದೆ” ಎಂದರು. ನನಗೆ ಅವರ ಹೊಟ್ಟೆಯದೇ ಚಿಂತೆ. ಮಾರುವ ಕೆಲಸ ನಾನೇ ವಹಿಸಿಕೊಂಡೆ.

ಊರಲ್ಲಿ ಕಂಪ್ಯೂಟರ್ ಇದ್ದ ಮಗ್ಗದವರು ಏಳೆಂಟು ಜನ ಇದ್ದರು. ತಂದ ದಿನ ಅದಕ್ಕೆ ಕುಂಕುಮ ಇಟ್ಟು, ಆಮೇಲೆ ಬಟ್ಟೆ ಮುಚ್ಚಿಟ್ಟಿದ್ದರು. ಪತ್ರಿಕೆಯಲ್ಲಿ ಜಾಹೀರಾತು ಹಾಕಿಸುವ ಶಕ್ತಿ ನಮಗಿರಲಿಲ್ಲ. ಒಂದು ಸೇರು ರವೆಯಲ್ಲಿ ಮುಗಿಯುವ ಉಪಾಯ ನನಗೆ ಹೊಳೆಯಿತು. ಅಮಾವಾಸ್ಯೆಯ ದಿನ ಮಗ್ಗ ನಿಂತಿರುತ್ತದೆ. ಎಲ್ಲರನ್ನೂ ಒಟ್ಟಿಗೆ ಮನೆಗೆ ಕರೆದು, ಉಪ್ಪಿಟ್ಟು ಕೇಸರಿಬಾತು ಕೊಟ್ಟು, ಒಂದೇ ಸಲಕ್ಕೆ ತೋರಿಸಿಬಿಡುವುದು!

ಎಲ್ಲರೂ ಬಂದರು. ಜೇಬಿನಲ್ಲಿ ಸುರುಳಿ ಸುತ್ತಿದ ಹಾಳೆಯನ್ನೂ ತಂದಿದ್ದರು. ಇವರು ಉತ್ಸಾಹದಿಂದ, “ಯಾರಾದ್ರೂ ಒಂದು ಅಂಚು ಕೊಡಿ, ಹಾಕಿ ತೋರಿಸ್ತೀನಿ” ಎಂದರು. ಕೊಟ್ಟವರು ಯಾರೂ ಇಲ್ಲ. ನಾರಾಯಣಪ್ಪ ತನ್ನ ಸುರುಳಿಯನ್ನು ಬನಿಯನ್ನಿನ ಒಳಕ್ಕೇ ತಳ್ಳಿಕೊಂಡ. ಅವನ ಷಡ್ಡಕ ಮುನಿರಾಜು ತಾರಸಿ ನೋಡುತ್ತಾ ಕೂತ. ಕೃಷ್ಣಪ್ಪನವರಂತೂ ಎರಡನೇ ಸಲ ಕೇಸರಿಬಾತು ಹಾಕಿಸಿಕೊಂಡು, “ತುಪ್ಪ ಮನೇದಾ ಅಕ್ಕ?” ಎಂದು ವಿಚಾರಿಸಿದರು. ಅಷ್ಟೇ ಆ ದಿನದ ವ್ಯಾಪಾರ ಸಂಬಂಧಿ ಪ್ರಶ್ನೆ.

ಮಾರನೇ ದಿನ ಪಾತ್ರೆ ತೊಳೆಯುತ್ತಿದ್ದೆ. ಹಿತ್ತಲ ಬಾಗಿಲಲ್ಲಿ ನಾರಾಯಣಪ್ಪ.

“ಅಕ್ಕಾ, ಅದು ನನಗೊಂದು ಬೇಕು. ಆದ್ರೆ ಯಾರಿಗೂ ಹೇಳ್ಬೇಡಿ. ಆಣೆ ಇಡಿ.”

“ಅಯ್ಯೋ, ನೀನೇ ನಾಲ್ಕು ಜನಕ್ಕೆ ಹೇಳಪ್ಪ ಅಂತ ಕೇಳೋಣ ಅಂತಿದ್ದೆನಲ್ಲೋ!”

“ನಾಲ್ಕು ಜನಕ್ಕಾ? ಆ ಮುನಿರಾಜುಗೆ ಗೊತ್ತಾದ್ರೆ ಮುಗೀತು ನನ್ನ ಕಥೆ!”

ಸೋಪಿನ ಕೈಯಲ್ಲೇ ಆಣೆ ಇಟ್ಟೆ. ಮೊದಲ ಗಿರಾಕಿ ಸಿಕ್ಕ, ಆದರೆ ಅವನ ಹೆಸರು ಹೇಳಿ ಇನ್ನೊಬ್ಬನನ್ನು ಹಿಡಿಯುವ ದಾರಿ ಮುಚ್ಚಿತು. ಸಂಕಟದಿಂದಲೇ ಮುನಿರಾಜು ಮನೆಗೆ ಹೋದೆ. “ನಮ್ಮೋರು ಯಾರಾದ್ರೂ ತಗೊಂಡಿದ್ದಾರಾ?” ಎಂದ. “ಒಬ್ಬರು ತಗೊಂಡಿದ್ದಾರೆ. ಹೆಸರು ಹೇಳೋ ಹಾಗಿಲ್ಲಪ್ಪ, ಆಣೆ ಇಟ್ಟಿದ್ದೀನಿ” ಎಂದೆ. ಮುನಿರಾಜು ತಟ್ಟನೆ ಎದ್ದ. ಬೀದಿಯ ಕಡೆ ನೋಡಿದ, ಬಾಗಿಲು ಮುಂದೆ ಮಾಡಿದ. “ನನಗೂ ಒಂದು ಹಾಕಿಬಿಡಿ. ನನ್ನ ಹೆಸರೂ ಹೇಳ್ಬೇಡಿ ಮತ್ತೆ!” ಕೃಷ್ಣಪ್ಪನವರ ಮನೆಯಲ್ಲೂ ಇದೇ ನಡೆಯಿತು. ದೀಪಾವಳಿಗೆ ಎಂಟು ದಿನ ಇರುವಾಗ ಮೂರನೆಯದೂ ಹೋಯಿತು. ಇವರು ಕಾರ್ಖಾನೆಗೆ ಬರುವುದಿಲ್ಲ ಎಂದು ಹೇಳಿಬಂದು, ನೆಮ್ಮದಿಯಾಗಿ ಮಜ್ಜಿಗೆ ಅನ್ನ ಉಂಡರು.

ಮೂರು ಜನಕ್ಕೂ ಕೊಟ್ಟ ಪ್ರೋಗ್ರಾಮಿನ ಫ್ಲಾಪಿಯಲ್ಲಿ, ನೋಡಿ ಕಲಿಯಲೆಂದು, ಇವರು ಒಂದು ಹಂಸದ ಅಂಚು ಸೇರಿಸಿದ್ದರು. ತನಗೊಬ್ಬನಿಗೇ ಕೊಟ್ಟ ಹಂಸ ಅದು ಎಂದು ಮೂವರೂ ನಂಬಿದರು. ಕೇಳೋಣ ಎಂದರೆ ಯಾರನ್ನು ಕೇಳುವುದು? ಮೂರು ಮನೆಯಲ್ಲೂ ಪಂಚೆ ಹೊದಿಸಿಕೊಂಡು ಅದೇ ಹಂಸವನ್ನು ನೇಯ್ದರು. ಮೂರೂ ಸೀರೆ ಬೆಂಗಳೂರಿನ ಒಂದೇ ಅಂಗಡಿಗೆ ಒಂದೇ ವಾರ ಹೋದವು. ಅಂಗಡಿಯವನು ಸಾಲಾಗಿ ಹಾಸಿ, ದುಡ್ಡಿಗೆ ಬಂದ ಒಬ್ಬೊಬ್ಬರಿಗೂ ತೋರಿಸಿ, “ಏನ್ರಪ್ಪಾ, ಮೂರು ಜನಾನೂ ಒಂದೇ ಮನೇಲಿ ನೇಯ್ತೀರಾ?” ಎಂದನಂತೆ.

ಮರುದಿನ ಬೆಳಿಗ್ಗೆ ನಮ್ಮ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಮೂವರೂ ಎದುರುಬದುರಾದರು.

“ನಿನಗೇನೋ ಕೆಲಸ ಇಲ್ಲಿ?” ನಾರಾಯಣಪ್ಪ ಷಡ್ಡಕನನ್ನು ಕೇಳಿದ.

“ನೀರು ಕುಡಿಯೋಕೆ ಬಂದೆ.”

“ನಿಮ್ಮನೆ ನಲ್ಲಿ ಬಿಟ್ಟು ಎರಡು ಬೀದಿ ದಾಟ್ಕೊಂಡಾ?”

ಆಮೇಲೆ ಮೂವರೂ ಒಟ್ಟಾಗಿ ನನ್ನ ಕಡೆ ತಿರುಗಿದರು. ಇನ್ನು ಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆ ಅಂಚು ಹಾಕಿಕೊಡಬೇಕು, ಇಲ್ಲದಿದ್ದರೆ ಫ್ಲಾಪಿ ವಾಪಸ್. ಒಳಗಿದ್ದ ಯಜಮಾನರ ಕೈ ಹೊಟ್ಟೆಯ ಮೇಲೆ ಹೋಯಿತು. ಪ್ರೋಗ್ರಾಮು ಬರೆಯುವವರಿಗೆ ಹೂವು ಬರೆಯಲು ಬರುವುದಿಲ್ಲ. ಆ ಹಂಸವೇ ಎರಡು ತಿಂಗಳು ತಿಂದು ಬಾತುಕೋಳಿಯ ಹಾಗೆ ಬಂದಿತ್ತು. “ನಾನು ಹಾಕಿಕೊಡ್ತೀನಿ ನಡೀರಿ” ಎಂದುಬಿಟ್ಟೆ. ಚುಕ್ಕಿ ಇಟ್ಟು ರಂಗೋಲಿ ಎಳೆಯುವ ಕೈಗೆ ಚೌಕ ತುಂಬುವುದು ಯಾವ ಮಹಾ ಕೆಲಸ?

ಈಗ ಬೆಳಿಗ್ಗೆ ನಾರಾಯಣಪ್ಪನ ಅಂಚು, ಊಟವಾದ ಮೇಲೆ ಮುನಿರಾಜುದು, ದೀಪ ಹಚ್ಚುವ ಹೊತ್ತಿಗೆ ಕೃಷ್ಣಪ್ಪನವರದು. ಗಂಡನನ್ನು ಪಾಳಿಯಿಂದ ಬಿಡಿಸಲು ಹೋದವಳು ಮೂರೂ ಪಾಳಿ ಮಾಡುತ್ತಿದ್ದೇನೆ. ಮೊನ್ನೆ ಎದುರುಮನೆ ಸರೋಜಮ್ಮ, “ಯಾಕ್ರೀ, ಇತ್ತೀಚೆಗೆ ಬಾಗಿಲಿಗೆ ಬರೀ ನಾಲ್ಕು ಗೆರೆ ಎಳೆದು ಒಳಗೆ ಹೋಗ್ತೀರಿ?” ಎಂದರು. “ಸೊಂಟ ನೋವು ಕಣ್ರೀ” ಎಂದೆ. ಸೊಂಟಕ್ಕೇನೂ ಆಗಿಲ್ಲ. ಅವರ ಮನೆಯಲ್ಲೂ ನಾಲ್ಕು ಮಗ್ಗ ಇವೆ. ಒಳ್ಳೆಯದೊಂದು ಬಳ್ಳಿ ಹೊಳೆದ ದಿನ ಹಿತ್ತಲಿಗೆ ಹೋಗಿ, ಬಾಗಿಲ ಚಿಲಕ ಹಾಕಿ, ನೆಲದ ಮೇಲೆ ಎಳೆದು ಕಣ್ತುಂಬ ನೋಡುತ್ತೇನೆ. ಆಮೇಲೆ ಒಂದು ಬಿಂದಿಗೆ ನೀರು ಸುರಿದುಬಿಡುತ್ತೇನೆ.