ಗೊಬ್ಬರದ ಮೂಟೆಯ ಹಿಂದಿನ ಲಾಯರು

ಎಲ್ಲ ರಗಳೆಗೂ ಕಾರಣ ಒಂದು ‘ಎಸ್ ಸಾರ್’. ಬಿಳಿಚೋಡಿನ ಅಂಜಿನಪ್ಪ ದಾವಣಗೆರೆಯಲ್ಲಿ ಲಾ ಮೊದಲ ವರ್ಷ ಓದುತ್ತಿದ್ದ. ಸೋಮವಾರ ಹಾಜರಿ ಕೂಗುವಾಗ ತನ್ನ ಪರವಾಗಿ ‘ಎಸ್ ಸಾರ್’ ಅನ್ನಲು ಗೆಳೆಯ ಜಂಪಣ್ಣನಿಗೆ ಒಪ್ಪಿಸಿ, ಅದಕ್ಕೆ ಲಂಚವಾಗಿ ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಿ, ಶನಿವಾರವೇ ಊರಿಗೆ ಬಂದಿದ್ದ. ಸೋಮವಾರ ಜಗಳೂರಿನ ಸೊಸೈಟಿಯೊಂದರಲ್ಲಿ ಗುಮಾಸ್ತನ ಕೆಲಸಕ್ಕೆ ಇಂಟರ್‌ವ್ಯೂ ಇತ್ತು.

ಕದ್ದೇ ಹೋಗಬೇಕಿತ್ತು. ಯಾಕೆಂದರೆ ಆ ಹಾಜರಿ ಕೂಗುವ ಮಲ್ಲೇಶಪ್ಪ ಮೇಷ್ಟ್ರು ಕ್ಲಾಸಿನಲ್ಲಿ ವಾರಕ್ಕೊಮ್ಮೆಯಾದರೂ ಮೇಜು ಗುದ್ದಿ ಹೇಳುತ್ತಿದ್ದರು: “ಕರಿ ಕೋಟು ಹಾಕೋನು ಗುಮಾಸ್ತಗಿರಿಗೆ ಅರ್ಜಿ ಹಾಕೋದು ಮಾನಗೆಟ್ಟ ಕೆಲಸ! ಅಂಥೋನು ನನ್ನ ಕಣ್ಣಿಗೆ ಬಿದ್ರೆ ಹಾಜರಿ ಪುಸ್ತಕದಾಗಿಂದ ಹೆಸ್ರೇ ಹೊಡೆದು ಹಾಕ್ತೀನಿ!”

ಹೋಗದೆ ಇರುವಂತೆಯೂ ಇರಲಿಲ್ಲ. ಸೋದರಮಾವ ಮೂಕಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದ: “ನೀನು ಲಾಯರಾಗೋ ತನಕ ನನ್ನ ಮಗಳು ಶಿವಗಂಗನ್ನ ಮನ್ಯಾಗೆ ಇಟ್ಕಳಾಕೆ ಆಗಲ್ಲ. ಈ ಕೆಲಸ ಸಿಕ್ರೆ ಹುಡುಗಿ ನಿಂದು. ಇಲ್ಲಾಂದ್ರೆ ಯಾರಿಗೆ ಕೆಲಸ ಐತೋ ಅವರಿಗೆ ಕೊಡ್ತೀನಿ.” ಶಿವಗಂಗಳನ್ನು ಬಿಟ್ಟು ಇನ್ನೊಬ್ಬಳ ಮುಖವನ್ನು ಅಂಜಿನಪ್ಪ ನೆಟ್ಟಗೆ ನೋಡಿದವನೇ ಅಲ್ಲ.

ಆದರೆ ಬಿಳಿಚೋಡಿನಲ್ಲಿ ಕದ್ದು ಹೋಗುವುದೆಂದರೆ ಹುಡುಗಾಟವೇ? ಬಸ್ಸಿಗೆ ಮಾವನೂ ಹತ್ತಿದ, ಪಕ್ಕದ ಮನೆ ಗಿಡ್ಡಮ್ಮನೂ ಹತ್ತಿದಳು. “ನಮ್ಮ ಲಾಯರ್ರಿಗೆ ಜಾಗ ಬಿಡ್ರೀ!” ಎಂದು ಗಿಡ್ಡಮ್ಮ ಕೂಗಿದಾಗ ಅಂಜಿನಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ.

ಸೊಸೈಟಿಯ ಜಗಲಿ ತುಂಬ ಜನ. ಬಾಗಿಲ ಬಳಿ ಇಸ್ತ್ರಿ ಅಂಗಿ ತೊಟ್ಟು, ಕೈಯಲ್ಲಿ ಫೈಲು ಹಿಡಿದು ನಿಂತವರು ಯಾರು? ಸಾಕ್ಷಾತ್ ಮಲ್ಲೇಶಪ್ಪ ಮೇಷ್ಟ್ರು! ಕಮಿಟಿಯವರು ಪ್ರಶ್ನೆ ಕೇಳಲು ಇವರನ್ನೇ ಕರೆಸಿದ್ದಾರೆ, ಇನ್ನೇನು? ಮೇಷ್ಟ್ರೇ ಇಲ್ಲಿದ್ದರೆ ಅಲ್ಲಿ ಜಂಪಣ್ಣ ‘ಎಸ್ ಸಾರ್’ ಅನ್ನುವುದಾದರೂ ಯಾರಿಗೆ? ಮಂಡಕ್ಕಿಯೂ ದಂಡವಾಯಿತು. ಅಂಜಿನಪ್ಪ ಪಕ್ಕದ ಗೋದಾಮಿಗೆ ನುಗ್ಗಿ ಗೊಬ್ಬರದ ಮೂಟೆಗಳ ಹಿಂದೆ ಕುಕ್ಕರಿಸಿದ.

“ಅಂಜಿನಪ್ಪ, ಬಿಳಿಚೋಡು!” ಜವಾನ ಕೂಗಿದ.

“ಎಲ್ಲೋದ್ನಪ್ಪ ಇವ್ನು?” ಮಾವ ಜಗಲಿಯ ಉದ್ದಕ್ಕೂ ಓಡಾಡಿದ.

ಜವಾನ ಎರಡನೇ ಸಲ ಕೂಗುವಷ್ಟರಲ್ಲಿ ಗಿಡ್ಡಮ್ಮ ಮೂಟೆಯ ಹಿಂದೆ ಇಣುಕಿದಳು. “ಅಯ್ಯೋ ಶಿವನೇ, ಇಲ್ಲಿ ಕುಂತು ಏನ್ ಮಾಡ್ತೀಯ?”

“ಸುಮ್ನಿರು ದೊಡ್ಡಮ್ಮ, ಕೈ ಮುಗೀತೀನಿ. ನಾನು ಇಲ್ಲ ಅಂತ ಹೇಳು.”

ಗಿಡ್ಡಮ್ಮ ತನಗೆ ತಿಳಿದಂತೆ ಅರ್ಥ ಮಾಡಿಕೊಂಡು ಜಗಲಿಗೆಲ್ಲ ಕೇಳುವಂತೆ ಸಾರಿದಳು: “ಸ್ವಲ್ಪ ತಡೀರಿ ಸ್ವಾಮಿ, ನಮ್ಮ ಲಾಯರ್ರಿಗೆ ಹೊಟ್ಟೆ ಕೆಟ್ಟೈತೆ!”

ಜಗಲಿ ಗೊಳ್ಳೆಂದಿತು. ಭೂಮಿ ಬಾಯಿಬಿಡಬಾರದೇ ಎಂದುಕೊಂಡ ಅಂಜಿನಪ್ಪ. ಜವಾನ ಮೂರನೇ ಸಲ ಕೂಗಿ, ಹೆಸರಿಗೆ ಗೀಟು ಎಳೆದು, ಮುಂದಿನವರನ್ನು ಕರೆದ:

“ಮಲ್ಲೇಶಪ್ಪ, ನ್ಯಾಮತಿ!”

ಮೇಷ್ಟ್ರು ಫೈಲನ್ನು ಎದೆಗೆ ಅವಚಿಕೊಂಡು, ತಲೆ ತಗ್ಗಿಸಿ ಒಳಗೆ ಹೋದರು.

ಸಂಜೆ ನಾಲ್ಕಕ್ಕೆ ಸೆಕ್ರೆಟರಿ ಹೊರಗೆ ಬಂದು, ಕೆಲಸ ಮಲ್ಲೇಶಪ್ಪನವರಿಗೆ ಎಂದು ಹೇಳಿದರು. ಮೇಷ್ಟ್ರು ಮೆಟ್ಟಿಲಿಳಿದರೆ ಎದುರಿಗೆ ಮೈಯೆಲ್ಲ ಗೊಬ್ಬರದ ಪುಡಿ ಮೆತ್ತಿಕೊಂಡ ಶಿಷ್ಯ! ಅವರ ಮುಖ ಚಿಕ್ಕದಾಯಿತು.

“ಎಂಟು ವರ್ಷ ಕೋರ್ಟಿಗೆ ಅಲೆದೆ ಕಣಯ್ಯ. ಸವೆದದ್ದು ಕೋಟು ಮಾತ್ರ. ಕಾಲೇಜಿನೋರು ಕೊಡೋದು ಗಂಟೆಗಿಷ್ಟು ಅಂತ ಪುಡಿಗಾಸು,” ಎಂದರು ಮೆಲ್ಲಗೆ. “ನಾನು ನಿನ್ನ ನೋಡಿಲ್ಲ, ನೀನು ನನ್ನ ನೋಡಿಲ್ಲ. ಇವತ್ತಿನ ಹಾಜರಿ ನಾನೇ ಹಾಕ್ತೀನಿ.”

ತನ್ನ ನಾಚಿಕೆಯೇ ಹೊರಲಾರದಷ್ಟಿತ್ತು. ಈಗ ಮೇಷ್ಟ್ರದೂ ಸೇರಿ ಅಂಜಿನಪ್ಪನಿಗೆ ಕತ್ತೆತ್ತಲಾಗಲಿಲ್ಲ. ಅಷ್ಟರಲ್ಲಿ ಮೂಕಪ್ಪ ನುಗ್ಗಿಕೊಂಡು ಬಂದ.

“ಕೆಲಸ ಸಿಕ್ಕಿದ್ದು ತಮಗೇನ್ರೀ? ತಾವು ಯಾರ ಪೈಕಿ?”

ಮೇಷ್ಟ್ರು ತಮ್ಮ ಜಾತಿ ಹೇಳಿ, ದಾವಣಗೆರೆಯ ಲಾ ಕಾಲೇಜಿನಲ್ಲಿ ಪಾಠ ಮಾಡುವುದನ್ನೂ ಸೇರಿಸಿದರು. ಮೂಕಪ್ಪನ ಮುಖ ಊರಗಲವಾಯಿತು. “ಅರೆ, ನಮ್ಮೋರೇ! ಮದುವೆ ಆಗೈತೇನ್ರೀ?”

“ಇಲ್ಲ... ಕಾಯಂ ಕೆಲಸ ಇರಲಿಲ್ಲವಲ್ಲ.”

ಮೂಕಪ್ಪ ಅಳಿಯನಾಗಬೇಕಾದವನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. “ಲೇ, ನೀನು ದಿನಾ ನೋಡೋನು. ನಿಮ್ಮ ಮೇಷ್ಟ್ರ ಗುಣ ಹೆಂಗೆ? ಶಿವಗಂಗನ ಬಾಳಿನ ಪ್ರಶ್ನೆ, ಸತ್ಯ ಹೇಳು.”

ಮೇಷ್ಟ್ರು ಅವನನ್ನೇ ನೋಡುತ್ತಿದ್ದರು. ಅಂಜಿನಪ್ಪ ಅಂಗಿಯ ಮೇಲಿನ ಗೊಬ್ಬರದ ಪುಡಿ ಕೊಡವಿದ.

“ಒಳ್ಳೇರು ಮಾವ,” ಅಂದ. “ಒಂದು ದಿನಾನೂ ಕ್ಲಾಸು ತಪ್ಪಿಸಿಲ್ಲ.”